ಎಲೆಮರೆಯ ಕಾಯಿ ಕಣ್ಣಿಗೆ ಬೀಳಬೇಕಾದರೆ: ಓದುಗರ ಉದ್ಯೋಗ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಅಳಲು ಒಂದೇ: ಮೈಮುರಿದು ದುಡಿಯುತ್ತೇವೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇವೆ. ಅಲ್ಲಿ ಹೇಳಿರುವ ಕೆಲಸದ ಡೈರಿ ಕೈಯಲ್ಲಿಲ್ಲದಿದ್ದರೆ ಮುಂದಿನ ಉತ್ತರಗಳಲ್ಲಿ ಅರ್ಧದಷ್ಟೂ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ಆರು ವರ್ಷಗಳಿಂದ ಒಂದೇ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನನ್ನ ಕೆಲಸದಲ್ಲಿ ತಪ್ಪು ಹುಡುಕಿದವರಿಲ್ಲ. ಆದರೂ ಎರಡು ಸಲ ಬಡ್ತಿ ನನ್ನ ನಂತರ ಸೇರಿದವರ ಪಾಲಾಯಿತು. ‘ನಿಮ್ಮ ಕೆಲಸದ ಬಗ್ಗೆ ನೀವೇ ಹೇಳಿಕೊಳ್ಳಬೇಕು’ ಎನ್ನುತ್ತಾರೆ ಸಹೋದ್ಯೋಗಿಗಳು. ನನ್ನನ್ನು ನಾನೇ ಹೊಗಳಿಕೊಳ್ಳುವುದು ನನ್ನಿಂದಾಗದು. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಹೊಗಳಿಕೊಳ್ಳುವುದು ಬೇರೆ, ವರದಿ ಒಪ್ಪಿಸುವುದು ಬೇರೆ. ‘ನಾನು ಬಹಳ ಶ್ರದ್ಧೆಯಿಂದ ದುಡಿಯುತ್ತೇನೆ’ ಎಂಬುದು ಹೊಗಳಿಕೆ. ಅದು ನಿಜವೋ ಸುಳ್ಳೋ ಕೇಳಿದವರು ಪರೀಕ್ಷಿಸಲಾರರು, ಅದಕ್ಕೇ ಹೇಳುವವರಿಗೂ ಮುಜುಗರ. ‘ತಿಂಗಳ ಲೆಕ್ಕ ಮುಗಿಸಲು 9 ದಿನ ಬೇಕಾಗುತ್ತಿತ್ತು, ಮಾರ್ಚ್‌ನಿಂದ 6 ದಿನಕ್ಕೆ ಮುಗಿಯುತ್ತಿದೆ’ ಎಂಬುದು ವರದಿ. ಅನುಮಾನವಿದ್ದವರು ಕಡತ ತೆರೆದು ನೋಡಬಹುದು. ಇಂಥದ್ದನ್ನು ಹೇಳಲು ದೊಡ್ಡ ಧೈರ್ಯ ಬೇಕಿಲ್ಲ, ಬರೆದಿಟ್ಟುಕೊಳ್ಳುವ ಅಭ್ಯಾಸ ಬೇಕು.

ಮೊದಲು ಬಡ್ತಿಯ ತೀರ್ಮಾನ ಹೇಗಾಗುತ್ತದೆ ಎಂಬುದನ್ನು ನೋಡಿ. ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ನಿಮ್ಮ ಮೇಲಧಿಕಾರಿ ಒಬ್ಬರೇ ತೀರ್ಮಾನಿಸುವುದಿಲ್ಲ. ಬೇರೆ ವಿಭಾಗಗಳ ಮುಖ್ಯಸ್ಥರು, ಎಚ್‌ಆರ್‌ನವರು ಎಲ್ಲರೂ ಕೂತ ಸಭೆಯಲ್ಲಿ ಒಂದೊಂದು ಹೆಸರಿಗೂ ಸಿಗುವುದು ಕೆಲವೇ ನಿಮಿಷ. ಆ ಸಭೆಯಲ್ಲಿ ನೀವಿರುವುದಿಲ್ಲ. ನಿಮ್ಮ ಪರವಾಗಿ ಮೇಲಧಿಕಾರಿ ಹೇಳುವ ಎರಡು ಮೂರು ಮಾತುಗಳೇ ಅಲ್ಲಿ ನೀವು. ‘ನಂಬಿಕಸ್ಥರು, ತಪ್ಪಿಲ್ಲದೆ ಕೆಲಸ ಮಾಡುತ್ತಾರೆ’ ಎಂದು ಅವರು ಹೇಳಿ, ಪಕ್ಕದ ವಿಭಾಗದವರು ತಮ್ಮವರ ಬಗ್ಗೆ ‘ಬಾಕಿ ವಸೂಲಿಯ ಅವಧಿಯನ್ನು 60 ದಿನದಿಂದ 45ಕ್ಕೆ ಇಳಿಸಿದರು’ ಎಂದರೆ ಗೆಲ್ಲುವವರು ಯಾರೆಂದು ಬೇರೆ ಹೇಳಬೇಕಿಲ್ಲ. ಇದರಲ್ಲಿ ನಿಮ್ಮ ಮೇಲಧಿಕಾರಿಯ ದ್ವೇಷವೇನೂ ಇಲ್ಲದಿರಬಹುದು. ಹತ್ತು ಜನರ ಕೆಲಸವನ್ನು ಅಂಕಿಅಂಶದ ಸಮೇತ ನೆನಪಿಟ್ಟುಕೊಳ್ಳುವುದು ಅವರಿಗೂ ಆಗದ ಮಾತು. ಆ ಎರಡು ಮೂರು ವಾಕ್ಯಗಳನ್ನು ಮೊದಲೇ ಅವರ ಕೈಗೆ ಕೊಡಬೇಕಾದವರು ನೀವು.

ಹೀಗೆ ಶುರು ಮಾಡಿ. ವಾರದ ಕೊನೆಯ ಕೆಲಸದ ದಿನ, ಹೊರಡುವ ಮುನ್ನ 15 ನಿಮಿಷ ಎತ್ತಿಡಿ. ಒಂದು ನೋಟ್‌ಬುಕ್‌ನಲ್ಲೋ ಎಕ್ಸೆಲ್ ಹಾಳೆಯಲ್ಲೋ ಐದು ಕಾಲಂ ಹಾಕಿ: ದಿನಾಂಕ, ಮೊದಲು ಹೇಗಿತ್ತು, ನಾನು ಮಾಡಿದ್ದೇನು, ಏನು ಬದಲಾಯಿತು, ಸಾಕ್ಷಿ ಎಲ್ಲಿದೆ. ವಾರಕ್ಕೆ ಎರಡು ಮೂರು ಸಾಲು ಸಾಕು. ವರ್ಷಕ್ಕೆ ನೂರಕ್ಕೂ ಹೆಚ್ಚು ಸಾಲುಗಳಾಗುತ್ತವೆ, ಬಳಕೆಗೆ ಬರುವುದು ಹತ್ತೋ ಹದಿನೈದೋ. ಆದರೆ ಆ ಹತ್ತು ಯಾವುವು ಎಂಬುದು ಬರೆಯುವ ದಿನ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲವನ್ನೂ ಬರೆಯಿರಿ.

ಹೆಚ್ಚಿನವರು ಬಿಟ್ಟುಬಿಡುವುದು ಎರಡನೆಯ ಕಾಲಂ. ಒಂದು ವ್ಯವಸ್ಥೆ ಸರಿಹೋದ ಮೂರು ತಿಂಗಳಿಗೆ, ಅದು ಮೊದಲಿನಿಂದಲೂ ಹೀಗೇ ಇತ್ತೆಂದು ಎಲ್ಲರಿಗೂ ಅನ್ನಿಸತೊಡಗುತ್ತದೆ, ಕೆಲವೊಮ್ಮೆ ಸರಿಪಡಿಸಿದವರಿಗೂ. ಆದ್ದರಿಂದ ಯಾವುದೇ ಸುಧಾರಣೆಗೆ ಕೈಹಾಕುವ ಮುನ್ನ ಎರಡು ವಾರ ಎಣಿಸಿ: ದಿನಕ್ಕೆ ಎಷ್ಟು ದೂರು ಬರುತ್ತಿವೆ, ಒಂದು ಕಡತ ಎಷ್ಟು ದಿನ ಕಾಯುತ್ತಿದೆ, ಎಷ್ಟು ಬಿಲ್ ತಪ್ಪಾಗಿ ವಾಪಸ್ ಬರುತ್ತಿವೆ. ಆ ಎಣಿಕೆ ಇಲ್ಲದೆ ಆಮೇಲೆ ಹೇಳುವ ಯಾವ ಸಂಖ್ಯೆಗೂ ಆಧಾರವಿರುವುದಿಲ್ಲ.

‘ನಮ್ಮ ಕೆಲಸದಲ್ಲಿ ಸಂಖ್ಯೆಯೇ ಇಲ್ಲ’ ಎನ್ನುವವರು ಐದು ಕಡೆ ಹುಡುಕಬಹುದು: ಸಮಯ, ಎಣಿಕೆ, ತಪ್ಪು, ಹಣ, ಜನ. ಹೊಸಬರಿಗೆ ಕೆಲಸ ಕಲಿಸುತ್ತೀರಾದರೆ, ಅವರು ಯಾರನ್ನೂ ಕೇಳದೆ ಬಿಲ್ ನಮೂದಿಸುವ ಹಂತಕ್ಕೆ ಬರಲು ಮೊದಲು 5 ವಾರ ಬೇಕಿತ್ತು, ನೀವು ಟಿಪ್ಪಣಿ ಬರೆದುಕೊಟ್ಟ ಮೇಲೆ 3 ವಾರ ಸಾಕಾಯಿತು ಎಂದರೆ ಅದೇ ಸಂಖ್ಯೆ. ಅನಾಹುತ ತಪ್ಪಿಸುವ ಕೆಲಸ ಮಾತ್ರ ನಿಜಕ್ಕೂ ಕಷ್ಟದ್ದು. ಬೆಂಕಿ ಆರಿಸಿದವರು ಎಲ್ಲರಿಗೂ ಕಾಣುತ್ತಾರೆ, ಬೆಂಕಿ ಹೊತ್ತಿಕೊಳ್ಳದಂತೆ ನೋಡಿಕೊಂಡವರು ಕಾಣುವುದಿಲ್ಲ. ನಿಮ್ಮ ವಿಭಾಗದಲ್ಲಿ ಇಂಥ ಕೆಲಸವೇ ಹೆಚ್ಚು. ಅಲ್ಲಿ ಹಿಡಿದದ್ದನ್ನೇ ಎಣಿಸಿ: ಎರಡನೇ ಸಲ ಪಾವತಿಯಾಗಲಿದ್ದ ಬಿಲ್‌ಗಳು ಎಷ್ಟು, ಅವುಗಳ ಒಟ್ಟು ಮೊತ್ತ ಎಷ್ಟು.

ಒಂದು ಎಚ್ಚರಿಕೆ. ಸಂಸ್ಥೆಯ ಕಾಗದಪತ್ರ, ಗ್ರಾಹಕರ ಹೆಸರು, ಒಳಗಿನ ದರಪಟ್ಟಿ ಇವನ್ನು ಸ್ವಂತ ಡೈರಿಗೆ ಇಳಿಸಿಕೊಳ್ಳಬೇಡಿ, ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳುವುದಂತೂ ಬೇಡವೇ ಬೇಡ. ಅದರಿಂದ ಕೆಲಸವೇ ಹೋಗಬಹುದು. ಗೋಪ್ಯ ಮೊತ್ತದ ಬದಲು ಶೇಕಡಾವಾರು ಬರೆಯಿರಿ. ಸಾಕ್ಷಿಯ ಕಾಲಂನಲ್ಲಿ ‘ಮೇ ತಿಂಗಳ ಸಭೆಯ ನಡಾವಳಿ’ ಎಂದು ಜಾಗದ ಗುರುತು ಮಾತ್ರ ಇರಲಿ.

ಡೈರಿ ನಿಮ್ಮ ಬಳಿಯೇ ಉಳಿದರೆ ಪ್ರಯೋಜನವಿಲ್ಲ. ತಿಂಗಳಿಗೊಂದು ಸಲ ಮೇಲಧಿಕಾರಿಗೆ ಐದಾರು ಸಾಲಿನ ಇಮೇಲ್ ಹೋಗಲಿ. ಮಾದರಿ ಇದು: ‘ಈ ತಿಂಗಳು: ಹೊಂದಾಣಿಕೆಯಾಗದ ಬಿಲ್‌ಗಳು 140ರಿಂದ 35ಕ್ಕೆ ಇಳಿದಿವೆ. ಖರೀದಿ ವಿಭಾಗದವರು ಹೊಸ ನಮೂನೆ ಬಳಸಲು ಒಪ್ಪಿದ್ದರಿಂದ ಇದು ಸಾಧ್ಯವಾಯಿತು. ಮುಂದಿನ ತಿಂಗಳು: ಉಳಿದ 35. ತೊಡಕು: ಮೂರು ಹಳೆಯ ಖಾತೆಗಳ ಕಾಗದ ಸಿಕ್ಕಿಲ್ಲ. ನಿಮ್ಮಿಂದ ಬೇಕಾದದ್ದು: ಅವನ್ನು ಮುಚ್ಚಲು ಅನುಮತಿ.’ ಇದರಲ್ಲಿ ಎಲ್ಲಿಯೂ ‘ನಾನು’ ಎಂಬ ಪದವಿಲ್ಲ, ಆದರೂ ಕೆಲಸ ಯಾರದೆಂದು ಸ್ಪಷ್ಟವಾಗಿದೆ. ಕೊನೆಯ ಸಾಲು ಮುಖ್ಯ. ಅದಿದ್ದರೆ ಪತ್ರ ಕೆಲಸದ ಪತ್ರವಾಗುತ್ತದೆ, ಉತ್ತರವೂ ಬರುತ್ತದೆ. ಇಂಥ ಪತ್ರಗಳು ಕೆಡುವುದು ಮೂರು ಕಾರಣಕ್ಕೆ: ಫಲಿತಾಂಶದ ಬದಲು ದಿನಚರಿ ತುಂಬುವುದು, ಜೊತೆಗಾರರ ಹೆಸರು ಬಿಡುವುದು, ಬಡ್ತಿಯ ಋತು ಬಂದಾಗ ಮಾತ್ರ ಬರೆಯುವುದು. ಮೂರನೆಯದನ್ನು ಓದಿದವರಿಗೆ ಉದ್ದೇಶ ಕೂಡಲೇ ತಿಳಿದುಬಿಡುತ್ತದೆ.

ಇನ್ನೊಂದು ಮಾತು, ಸ್ವಲ್ಪ ಕಹಿ. ಈಗಿನ ಹುದ್ದೆಯ ಕೆಲಸವನ್ನು ತಪ್ಪಿಲ್ಲದೆ ಮಾಡುವುದು ಆ ಹುದ್ದೆಯಲ್ಲೇ ಉಳಿಸಿಕೊಳ್ಳಲು ಒಳ್ಳೆಯ ಕಾರಣ. ಬಡ್ತಿ ಸಿಗುವುದು ಮೇಲಿನ ಹುದ್ದೆಯ ಕೆಲಸದಲ್ಲಿ ಸ್ವಲ್ಪವನ್ನಾದರೂ ಮಾಡಿ ತೋರಿಸಿದವರಿಗೆ. ಮೇಲಧಿಕಾರಿಯನ್ನು ಹೀಗೆ ಕೇಳಿ: ‘ಮುಂದಿನ ಹಂತದವರು ಮಾಡುವ ಯಾವ ಕೆಲಸವನ್ನು ನಾನು ಇನ್ನೂ ಮಾಡಿ ತೋರಿಸಿಲ್ಲ? ಈ ಆರು ತಿಂಗಳಲ್ಲಿ ಅದರಲ್ಲೊಂದನ್ನು ನನಗೆ ವಹಿಸಬಹುದೇ?’ ಉತ್ತರವನ್ನು ಅದೇ ದಿನ ಇಮೇಲ್‌ನಲ್ಲಿ ಬರೆದು ‘ನಾನು ಅರ್ಥಮಾಡಿಕೊಂಡಿದ್ದು ಸರಿಯೇ?’ ಎಂದು ಕಳಿಸಿ. ಜೊತೆಗೆ ನಿಮ್ಮ ಈಗಿನ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಡಿ. ನಿಮ್ಮ ಕುರ್ಚಿಯಲ್ಲಿ ಕೂರುವವರು ಇಲ್ಲದಿದ್ದರೆ ನಿಮ್ಮನ್ನು ಎಬ್ಬಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಪ್ರಶ್ನೆ: ವಾರ್ಷಿಕ ಅಪ್ರೈಸಲ್ ಅರ್ಜಿ ತುಂಬಲು ಕೂತರೆ ಕೊನೆಯ ಎರಡು ತಿಂಗಳು ಬಿಟ್ಟು ಏನೂ ನೆನಪಾಗುವುದಿಲ್ಲ. ಡೈರಿ ಇಟ್ಟಿಲ್ಲ, ಗಡುವಿಗೆ ಒಂದೇ ವಾರ ಇದೆ. ಏನು ಮಾಡಲಿ?

ಉತ್ತರ: ಓದುವವರಿಗೂ ಕೊನೆಯ ಎರಡು ತಿಂಗಳೇ ನೆನಪಿರುವುದು. ಅದಕ್ಕೇ ಹಳೆಯದನ್ನು ಅಗೆದು ತೆಗೆಯಬೇಕು. ಎರಡು ಗಂಟೆ ಬಿಡುವು ಮಾಡಿಕೊಂಡು ಕಳಿಸಿದ ಇಮೇಲ್‌ಗಳನ್ನು ತಿಂಗಳವಾರು ನೋಡುತ್ತಾ ಬನ್ನಿ. ಫೈಲ್ ಲಗತ್ತಿಸಿ ಕಳಿಸಿದವುಗಳನ್ನು ಮೊದಲು ನೋಡಿ, ಮುಗಿಸಿ ಒಪ್ಪಿಸಿದ ಕೆಲಸಗಳು ಅಲ್ಲೇ ಇರುತ್ತವೆ. ನಂತರ ಕ್ಯಾಲೆಂಡರ್‌ನಲ್ಲಿರುವ ಸಭೆಗಳು, ಆಮೇಲೆ ‘ಧನ್ಯವಾದ’ ಎಂದು ಬಂದ ಉತ್ತರಗಳು. ಸಿಕ್ಕಿದ್ದರಲ್ಲಿ ನಾಲ್ಕೈದನ್ನು ಮಾತ್ರ ಆರಿಸಿ. ಹದಿನೈದು ಬರೆದರೆ ದೊಡ್ಡದು ಸಣ್ಣದರ ನಡುವೆ ಕರಗಿಹೋಗುತ್ತದೆ. ವರ್ಷದ ಆರಂಭದಲ್ಲಿ ಕೊಟ್ಟ ಗುರಿಗಳ ಹಾಳೆ ಪಕ್ಕದಲ್ಲಿರಲಿ, ಒಂದೊಂದು ಕೆಲಸವೂ ಯಾವ ಗುರಿಗೆ ಸೇರಿದ್ದೆಂದು ಅದೇ ಪದಗಳಲ್ಲಿ ಹೇಳಿ. ‘ಸುಧಾರಿಸಬೇಕಾದದ್ದು’ ಎಂಬ ಜಾಗದಲ್ಲಿ ‘ಅತಿಯಾದ ಅಚ್ಚುಕಟ್ಟುತನ’ ಎಂದು ಬರೆಯಬೇಡಿ, ಅದನ್ನು ಯಾರೂ ನಂಬುವುದಿಲ್ಲ. ನಿಜವಾದ ಒಂದು ಕೊರತೆ, ಅದಕ್ಕೆ ಈಗಾಗಲೇ ಶುರು ಮಾಡಿರುವ ಒಂದು ಕ್ರಮ, ಅಷ್ಟು ಸಾಕು.

ಮುಂದಿನ ವರ್ಷಕ್ಕೆ ಇದನ್ನು ಗುರುತು ಹಾಕಿಕೊಳ್ಳಿ: ವೇತನ ಹೆಚ್ಚಳದ ಹಣ ಹಂಚಿಕೆ ಸಾಮಾನ್ಯವಾಗಿ ಪ್ರಕಟಣೆಗಿಂತ ಬಹಳ ಮೊದಲೇ ನಡೆದಿರುತ್ತದೆ. ಅರ್ಜಿ ತುಂಬುವ ವಾರ ಮಾತು ತೆಗೆದರೆ ತಡವಾಯಿತು. ಎರಡು ಮೂರು ತಿಂಗಳು ಮುಂಚೆಯೇ ಮಾತಾಡಿ.

ಪ್ರಶ್ನೆ: ನಾನು ಸಿದ್ಧಪಡಿಸಿದ ವರದಿಗಳನ್ನು ನಮ್ಮ ತಂಡದ ಮುಖ್ಯಸ್ಥರು ತಮ್ಮದೆಂಬಂತೆ ಮೇಲಿನವರ ಮುಂದೆ ಮಂಡಿಸುತ್ತಾರೆ. ಜಗಳ ಬೇಡ. ಆದರೆ ಸುಮ್ಮನಿರಲೂ ಆಗುತ್ತಿಲ್ಲ.

ಉತ್ತರ: ತಂಡದ ಕೆಲಸವನ್ನು ಮೇಲಿನವರಿಗೆ ಮಂಡಿಸುವುದು ಮುಖ್ಯಸ್ಥರ ಕೆಲಸವೇ. ‘ನಮ್ಮ ತಂಡ ಮಾಡಿದ್ದು’ ಎಂದು ಹೇಳುತ್ತಿದ್ದರೆ ಅದು ಕಳ್ಳತನವಲ್ಲ. ‘ನಾನು ಮಾಡಿದ್ದು’ ಎಂದರೆ ಮಾತ್ರ ಹೆಜ್ಜೆ ಇಡಬೇಕು. ಮೊದಲ ಹೆಜ್ಜೆ ಬೇಡಿಕೆ: ‘ಮುಂದಿನ ಸಭೆಯಲ್ಲಿ ಅಂಕಿಅಂಶದ ಭಾಗವನ್ನು ನಾನೇ ವಿವರಿಸಲೇ? ಪ್ರಶ್ನೆ ಬಂದರೆ ಅಲ್ಲೇ ಉತ್ತರ ಕೊಡಬಹುದು.’ ಅವರ ಭಾರ ಇಳಿಯುವಂತೆ ಕೇಳಿದ ಮಾತಿಗೆ ಇಲ್ಲವೆನ್ನುವುದು ಕಷ್ಟ. ಎರಡನೆಯದು, ಕರಡು ಸಿದ್ಧವಾದಾಗ ಅಂಕಿಅಂಶ ಕೊಟ್ಟ ಇತರ ವಿಭಾಗದವರಿಗೂ ಪರಿಶೀಲನೆಗೆ ಕಳಿಸಿ. ತಪ್ಪುಗಳೂ ಸಿಗುತ್ತವೆ, ಬರೆದವರು ಯಾರೆಂದು ನಾಲ್ಕು ಜನರಿಗೆ ಗೊತ್ತಾಗುತ್ತದೆ. ವರದಿಯ ಕೊನೆಯಲ್ಲಿ ‘ವಿವರಗಳಿಗೆ ಸಂಪರ್ಕಿಸಿ’ ಎಂದು ನಿಮ್ಮ ಹೆಸರು ಹಾಕುವುದೂ ಸಹಜವೇ. ತುಂಬಿದ ಸಭೆಯಲ್ಲಿ ‘ಅದು ನನ್ನದು’ ಎಂದು ಎದ್ದು ನಿಲ್ಲಬೇಡಿ. ನಿಮ್ಮ ಮಾತು ಸರಿಯಿದ್ದರೂ ಜನ ನೆನಪಿಟ್ಟುಕೊಳ್ಳುವುದು ಆ ಗಲಿಬಿಲಿಯನ್ನು. ಇಷ್ಟೆಲ್ಲ ಮಾಡಿಯೂ ವರ್ಷ ಕಳೆದರೆ ಆ ತಂಡ ಬಿಡುವುದೇ ಮದ್ದು.

ಪ್ರಶ್ನೆ: ಮೂರು ತಿಂಗಳಲ್ಲಿ ಅರವತ್ತು ಕಡೆ ರೆಸ್ಯೂಮೆ ಹಾಕಿದ್ದೇನೆ. ಎರಡೇ ಕರೆ ಬಂದಿವೆ. ಅನುಭವ ಎಂಟು ವರ್ಷದ್ದಿದೆ. ತಪ್ಪು ಎಲ್ಲಿದೆ?

ಉತ್ತರ: ಎಲ್ಲಿ ನಿಂತುಹೋಗುತ್ತಿದೆ ಎಂಬುದೇ ತಪ್ಪಿನ ಜಾಗ ತೋರಿಸುತ್ತದೆ. ಕರೆಯೇ ಬರದಿದ್ದರೆ ದೋಷ ರೆಸ್ಯೂಮೆಯಲ್ಲೋ, ಅರ್ಜಿ ಹಾಕುತ್ತಿರುವ ಹುದ್ದೆಯ ಆಯ್ಕೆಯಲ್ಲೋ ಇದೆ. ಮೊದಲ ಕರೆಯಲ್ಲೇ ನಿಂತರೆ ಸಂಬಳದ ನಿರೀಕ್ಷೆ ಅಥವಾ ನಿಮ್ಮ ಪರಿಚಯದ ಮಾತು. ಕೊನೆಯ ಸುತ್ತಿನಲ್ಲಿ ನಿಂತರೆ ಸಂದರ್ಶನ. ನಿಮ್ಮದು ಮೊದಲನೆಯ ಬಗೆ.

ದೊಡ್ಡ ಸಂಸ್ಥೆಗಳಲ್ಲಿ ರೆಸ್ಯೂಮೆ ಮೊದಲು ಒಂದು ತಂತ್ರಾಂಶಕ್ಕೆ ಹೋಗುತ್ತದೆ. ಅದು ಅಕ್ಷರಗಳನ್ನು ಹೆಕ್ಕಿ ಹೆಸರು, ಹುದ್ದೆ, ವರ್ಷ, ಕೌಶಲ ಎಂದು ಖಾನೆಗಳಿಗೆ ತುಂಬುತ್ತದೆ, ನೇಮಕಾತಿಯವರು ಆ ಖಾನೆಗಳಲ್ಲಿ ಪದ ಹಾಕಿ ಹುಡುಕುತ್ತಾರೆ. ಪುಟವನ್ನು ಎರಡು ಉದ್ದ ಪಟ್ಟಿಗಳಾಗಿ ಸೀಳಿದ ವಿನ್ಯಾಸ, ಕೋಷ್ಟಕ, ಚಿತ್ರದೊಳಗಿನ ಬರಹ, ಪುಟದ ತಲೆಪಟ್ಟಿಯಲ್ಲಿಟ್ಟ ಫೋನ್ ಸಂಖ್ಯೆ ಇವು ಅಲ್ಲಿ ಕಲಸಿಹೋಗಬಹುದು, ಇಲ್ಲವೇ ಪೂರ್ತಿ ಬಿಟ್ಟುಹೋಗಬಹುದು. ಪರೀಕ್ಷಿಸಲು ಎರಡು ನಿಮಿಷ ಸಾಕು. ನಿಮ್ಮ ಪಿಡಿಎಫ್ ತೆರೆದು ಎಲ್ಲವನ್ನೂ ಆಯ್ಕೆ ಮಾಡಿ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಒಂದು ಕೆಲಸದ ವಿವರ ಇನ್ನೊಂದರ ನಡುವೆ ನುಗ್ಗಿದ್ದರೆ, ಅಕ್ಷರಗಳ ಬದಲು ಚೌಕಗಳು ಬಂದಿದ್ದರೆ, ಏನೂ ಬಾರದಿದ್ದರೆ, ತಂತ್ರಾಂಶಕ್ಕೂ ಹೆಚ್ಚುಕಡಿಮೆ ಹಾಗೆಯೇ ಕಂಡಿರುತ್ತದೆ. ಮುದ್ರಿಸಿ ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಬರೀ ಚಿತ್ರ. ಮೇಲಿನಿಂದ ಕೆಳಗೆ ನೇರವಾಗಿ ಓದಿಸಿಕೊಂಡು ಹೋಗುವ ವಿನ್ಯಾಸ, 10ರಿಂದ 12 ಪಾಯಿಂಟ್ ಅಕ್ಷರ, ಎರಡು ಪುಟ, ‘ಅನುಭವ’, ‘ಶಿಕ್ಷಣ’, ‘ಕೌಶಲ’ ಎಂಬ ಸರಳ ತಲೆಬರಹಗಳು. ಚಂದಕ್ಕಿಂತ ಓದಿಸಿಕೊಳ್ಳುವುದು ಮುಖ್ಯ.

ಆದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹಾಕಬೇಡಿ. ಒಂದೇ ರೆಸ್ಯೂಮೆಯನ್ನು ಅರವತ್ತು ಕಡೆ ಕಳಿಸಿದ್ದೇ ದೊಡ್ಡ ಕಾರಣವಿರಬಹುದು. ಹುದ್ದೆಯ ಪ್ರಕಟಣೆಯನ್ನು ಮುಂದಿಟ್ಟುಕೊಂಡು ಅದರಲ್ಲಿ ಎರಡು ಸಲ ಬಂದ ಪದಗಳಿಗೂ ಮೊದಲ ಐದು ಬೇಡಿಕೆಗಳಿಗೂ ಗೆರೆ ಎಳೆಯಿರಿ. ಐದರಲ್ಲಿ ಮೂರಕ್ಕಾದರೂ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ ಆ ಅರ್ಜಿಯನ್ನು ಬಿಡಿ. ಇದ್ದರೆ, ಆ ಮೂರೂ ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗದಲ್ಲಿ ಅವರದೇ ಪದಗಳಲ್ಲಿ ಕಾಣಬೇಕು. ಅವರು ‘ದಾಸ್ತಾನು ನಿರ್ವಹಣೆ’ ಎಂದಿದ್ದು ನೀವು ‘ಸ್ಟೋರ್ಸ್’ ಎಂದು ಬರೆದಿದ್ದರೆ ಹುಡುಕಾಟದಲ್ಲಿ ಸಿಗಲಾರಿರಿ. ಕಾಣದಂತೆ ಬಿಳಿ ಅಕ್ಷರಗಳಲ್ಲಿ ಪದ ತುರುಕುವ ಉಪಾಯವನ್ನು ಮಾತ್ರ ಮಾಡಬೇಡಿ, ತಂತ್ರಾಂಶ ಅಕ್ಷರಗಳನ್ನು ಹೊರತೆಗೆದಾಗ ಅದು ಬಯಲಾಗುತ್ತದೆ.

ಸಾಲುಗಳನ್ನು ಹೇಗೆ ತಿದ್ದಬೇಕು ಎಂಬುದಕ್ಕೆ ಒಂದು ಉದಾಹರಣೆ. ‘ಗೋದಾಮಿನ ಜವಾಬ್ದಾರಿ ಹೊತ್ತಿದ್ದೆ’ ಎಂಬ ಸಾಲು ಹುದ್ದೆಯನ್ನು ಹೇಳುತ್ತದೆ, ನಿಮ್ಮನ್ನು ಹೇಳುವುದಿಲ್ಲ. ‘4,000 ಬಗೆಯ ಸಾಮಾನುಗಳ ಗೋದಾಮಿನಲ್ಲಿ ವಾರಕ್ಕೊಮ್ಮೆ ಭಾಗಶಃ ಎಣಿಕೆ ಆರಂಭಿಸಿ, ದಾಸ್ತಾನಿನ ವ್ಯತ್ಯಾಸವನ್ನು ಒಂದು ವರ್ಷದಲ್ಲಿ ಶೇ 5ರಿಂದ ಶೇ 1.5ಕ್ಕೆ ಇಳಿಸಿದೆ’ ಎಂದರೆ ಗಾತ್ರ, ಕ್ರಮ, ಫಲ, ಅವಧಿ ನಾಲ್ಕೂ ಬಂದವು. ಸದ್ಯದ ಹುದ್ದೆಗೆ ಇಂಥ ನಾಲ್ಕೈದು ಸಾಲು, ಹಿಂದಿನದಕ್ಕೆ ಎರಡು ಮೂರು, ಅದಕ್ಕಿಂತ ಹಿಂದಿನದಕ್ಕೆ ಒಂದೊಂದು. ವಾರಕ್ಕೆ ಹೀಗೆ ತಿದ್ದಿದ ಐದು ಅರ್ಜಿ ಕಳಿಸಿ. ಯಾವ ರೂಪ ಯಾವ ದಿನ ಎಲ್ಲಿಗೆ ಹೋಯಿತೆಂದು ಪಟ್ಟಿ ಇಟ್ಟರೆ, ಇಪ್ಪತ್ತು ಅರ್ಜಿಗಳಾಗುವ ಹೊತ್ತಿಗೆ ಯಾವುದು ಫಲ ಕೊಡುತ್ತಿದೆ ಎಂಬ ಸುಳಿವು ಸಿಗತೊಡಗುತ್ತದೆ.

ಪ್ರಶ್ನೆ: ಈಗಿನ ಕಚೇರಿಯವರಿಗೆ ತಿಳಿಯದಂತೆ ಲಿಂಕ್ಡ್‌ಇನ್ ಪ್ರೊಫೈಲ್ ಸರಿಪಡಿಸುವುದು ಹೇಗೆ?

ಉತ್ತರ: ಮೊದಲು ಸೆಟ್ಟಿಂಗ್ಸ್‌ನ ವಿಸಿಬಿಲಿಟಿ ಭಾಗಕ್ಕೆ ಹೋಗಿ, ಪ್ರೊಫೈಲ್ ಬದಲಾವಣೆಗಳನ್ನು ನಿಮ್ಮ ಬಳಗಕ್ಕೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿ. ಆಮೇಲೆ ತಿದ್ದಲು ಕೂರಿ. ಕೆಲಸ ಹುಡುಕುತ್ತಿದ್ದೇನೆ ಎಂದು ತಿಳಿಸುವ ‘ಓಪನ್ ಟು ವರ್ಕ್’ ಆಯ್ಕೆಯಲ್ಲಿ ಎರಡು ಬಗೆಯಿದೆ. ಎಲ್ಲರಿಗೂ ಕಾಣುವುದನ್ನು ಆರಿಸಿದರೆ ನಿಮ್ಮ ಫೋಟೊ ಸುತ್ತ ಹಸಿರು ಪಟ್ಟಿ ಬರುತ್ತದೆ. ನೇಮಕಾತಿ ಮಾಡುವವರಿಗೆ ಮಾತ್ರ ಎಂಬುದನ್ನು ಆರಿಸಿದರೆ ಪಟ್ಟಿ ಇರುವುದಿಲ್ಲ, ನಿಮ್ಮದೇ ಸಂಸ್ಥೆಯ ನೇಮಕಾತಿಯವರಿಗೆ ಕಾಣದಂತೆ ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ. ಪೂರ್ಣ ಗುಟ್ಟಿನ ಖಾತರಿಯನ್ನು ಮಾತ್ರ ಅದು ಕೊಡುವುದಿಲ್ಲ.

ಹೆಡ್‌ಲೈನ್‌ಗೆ 220 ಅಕ್ಷರಗಳ ಜಾಗವಿದೆ. ಹುಡುಕಾಟದ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಕಾಣುವುದು ಅದೇ. ‘ಸೀನಿಯರ್ ಎಕ್ಸಿಕ್ಯೂಟಿವ್’ ಎಂದಷ್ಟೇ ಬರೆದು ಅದನ್ನು ವ್ಯರ್ಥ ಮಾಡಬೇಡಿ. ಹುದ್ದೆ, ಕ್ಷೇತ್ರ, ನೀವು ಬಿಡಿಸುವ ಸಮಸ್ಯೆ ಮೂರೂ ಇರಲಿ. ‘ಅಬೌಟ್’ ಭಾಗಕ್ಕೆ 2,600 ಅಕ್ಷರಗಳವರೆಗೆ ಅವಕಾಶವಿದ್ದರೂ, ಒತ್ತಿ ತೆರೆಯದೆ ಕಾಣುವುದು ಮೊದಲ ಕೆಲವು ಸಾಲು ಮಾತ್ರ. ನಿಮ್ಮ ಡೈರಿಯ ಅತ್ಯುತ್ತಮ ಎರಡು ಸಂಖ್ಯೆಗಳು ಅಲ್ಲಿರಬೇಕು. ರೆಸ್ಯೂಮೆಯ ವರ್ಷಗಳೂ ಇಲ್ಲಿಯ ವರ್ಷಗಳೂ ತಾಳೆಯಾಗಲಿ. ತಾಳೆಯಾಗದಿದ್ದರೆ ಮರೆವು ಎಂದು ಯಾರೂ ತಿಳಿಯುವುದಿಲ್ಲ, ಸುಳ್ಳು ಎಂದೇ ತಿಳಿಯುತ್ತಾರೆ.

ಪ್ರಶ್ನೆ: ಪರಿಚಯಸ್ಥರ ಮೂಲಕ ಕೆಲಸ ಸಿಗುತ್ತದೆ ಎನ್ನುತ್ತಾರೆ. ನನಗೆ ಇರುವುದು ನಾಲ್ಕೇ ಆಪ್ತ ಸ್ನೇಹಿತರು. ಅಪರಿಚಿತರೊಡನೆ ಮಾತು ಬೆಳೆಸುವುದು ನನ್ನ ಸ್ವಭಾವವಲ್ಲ.

ಉತ್ತರ: ಆಪ್ತರು ಕಡಿಮೆಯಿರುವುದು ಇಲ್ಲಿ ಕೊರತೆಯೇ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪರಿಚಯದ ಮೂಲಕ ಕೆಲಸ ಪಡೆದವರನ್ನು ‘ಆ ಹೊತ್ತಿಗೆ ಆ ವ್ಯಕ್ತಿಯನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ?’ ಎಂದು ಕೇಳಿದ ವಿವರವಿದೆ. ವಾರಕ್ಕೆ ಎರಡು ಸಲವಾದರೂ ಎಂದವರು ಶೇ 16.7. ಅದಕ್ಕಿಂತ ಕಡಿಮೆ, ಆದರೆ ವರ್ಷಕ್ಕೊಮ್ಮೆಗಿಂತ ಹೆಚ್ಚು ಎಂದವರು ಶೇ 55.6. ವರ್ಷಕ್ಕೊಮ್ಮೆ ಅಥವಾ ಇನ್ನೂ ಕಡಿಮೆ ಎಂದವರು ಶೇ 27.8. ಅವರು ಕೇಳಿದ್ದು ಐವತ್ತು ಚಿಲ್ಲರೆ ಜನರನ್ನು ಮಾತ್ರ. ಆದರೆ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಾಗಲೂ ಇದೇ ದಿಕ್ಕು ಕಂಡಿತು: ಹೊಸ ಕೆಲಸಕ್ಕೆ ಹೆಚ್ಚು ನೆರವಾದದ್ದು ತೀರ ಹತ್ತಿರದವರೂ ಅಲ್ಲ, ತೀರ ದೂರದವರೂ ಅಲ್ಲ, ನಡುವಿನ ಪರಿಚಯದವರು. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತದೆ. ಹಳೆಯ ಸಹೋದ್ಯೋಗಿ ಈಗ ಬೇರೆಯೇ ಜನರ ನಡುವೆ ಇದ್ದಾರೆ.

ಆದ್ದರಿಂದ ಅಪರಿಚಿತರ ಹತ್ತಿರ ಹೋಗಬೇಕಿಲ್ಲ. ಹಿಂದೆ ಜೊತೆಗಿದ್ದ ಸಹಪಾಠಿಗಳು, ಸಹೋದ್ಯೋಗಿಗಳು, ತರಬೇತಿಯಲ್ಲಿ ಪಕ್ಕ ಕೂತವರು ಹೀಗೆ ಇಪ್ಪತ್ತು ಹೆಸರು ಬರೆಯಿರಿ. ವಾರಕ್ಕೆ ಇಬ್ಬರಿಗೆ ಬರೆದರೆ ಸಾಕು. ‘ನಮಸ್ಕಾರ ಸರ್, ಐದು ವರ್ಷದ ಹಿಂದೆ ಗುಣಮಟ್ಟ ತಂಡದಲ್ಲಿ ಒಟ್ಟಿಗಿದ್ದೆವು. ನೀವು ಈಗ ಆಹಾರ ಸಂಸ್ಕರಣೆ ಕ್ಷೇತ್ರದಲ್ಲಿದ್ದೀರೆಂದು ತಿಳಿಯಿತು. ನಾನೂ ಅತ್ತ ಬರುವ ಯೋಚನೆಯಲ್ಲಿದ್ದೇನೆ. ಅಲ್ಲಿನ ಕೆಲಸದ ರೀತಿ ತಿಳಿಯಲು 15 ನಿಮಿಷ ಫೋನ್‌ನಲ್ಲಿ ಮಾತಾಡಬಹುದೇ? ನಿಮಗೆ ಅನುಕೂಲವಾದ ಹೊತ್ತು ಹೇಳಿ.’ ಕೆಲಸ ಕೊಡಿಸಿ ಎಂದು ಕೇಳಬೇಡಿ. ಅದಕ್ಕೆ ಹೌದು ಎನ್ನುವ ಅಧಿಕಾರ ಹೆಚ್ಚಿನವರಿಗಿಲ್ಲ, ಇಲ್ಲ ಎನ್ನಲು ಸಂಕೋಚ, ಹಾಗಾಗಿ ಉತ್ತರವನ್ನೇ ಬರೆಯುವುದಿಲ್ಲ. ಮಾತಿಗೆ ಮೂರು ಪ್ರಶ್ನೆ ಸಿದ್ಧವಿರಲಿ: ಅಲ್ಲಿ ಯಾವ ಅನುಭವಕ್ಕೆ ಬೆಲೆ? ಹೊಸದಾಗಿ ಬಂದವರು ಎಲ್ಲಿ ಎಡವುತ್ತಾರೆ? ಇನ್ನು ಯಾರೊಡನೆ ಮಾತಾಡಿದರೆ ಒಳ್ಳೆಯದು? 15 ನಿಮಿಷ ಎಂದಿದ್ದರೆ 15ಕ್ಕೇ ಮುಗಿಸಿ. ಮರುದಿನದೊಳಗೆ ಧನ್ಯವಾದ ಹೇಳಿ. ಅವರ ಸಲಹೆಯಂತೆ ಏನು ಮಾಡಿದಿರಿ, ಏನಾಯಿತು ಎಂದು ತಿಂಗಳ ನಂತರ ಎರಡು ಸಾಲು ಬರೆಯಿರಿ. ಈ ಎರಡನೇ ಪತ್ರ ಬರೆಯುವವರು ಬಹಳ ಕಡಿಮೆ, ಅದಕ್ಕೇ ಅದು ನೆನಪಿನಲ್ಲಿ ಉಳಿಯುತ್ತದೆ.

ಪ್ರಶ್ನೆ: ‘ನಿಮ್ಮ ಸಂಬಳದ ನಿರೀಕ್ಷೆ ಎಷ್ಟು?’ ಎಂದು ಮೊದಲ ಕರೆಯಲ್ಲೇ ಕೇಳಿದರೆ ಏನು ಹೇಳಬೇಕು?

ಉತ್ತರ: ಮೊದಲು ತಿರುಗಿ ಕೇಳಿ: ‘ಈ ಹುದ್ದೆಗೆ ನೀವು ಇಟ್ಟುಕೊಂಡಿರುವ ಮಿತಿ ಎಷ್ಟರಿಂದ ಎಷ್ಟರವರೆಗೆ?’ ಹಲವರು ಹೇಳುತ್ತಾರೆ. ಹೇಳದೆ ಪಟ್ಟು ಹಿಡಿದರೆ ನೀವು ಒಂದು ವ್ಯಾಪ್ತಿ ಕೊಡಿ. ಆದರೆ ವ್ಯಾಪ್ತಿ ಕೊಟ್ಟರೆ ಕೇಳುವವರ ಕಿವಿಗೆ ಬೀಳುವುದು ಕೆಳಗಿನ ಸಂಖ್ಯೆ. ಆದ್ದರಿಂದ ನಿಮಗೆ ನಿಜಕ್ಕೂ ಬೇಕಾದದ್ದೇ ಕೆಳಗಿನ ಸಂಖ್ಯೆಯಾಗಿರಲಿ. ಅದಕ್ಕೂ ಕಡಿಮೆ ಎಷ್ಟಾದರೆ ಬೇಡವೆನ್ನುತ್ತೀರಿ ಎಂಬುದನ್ನು ಕರೆಗೆ ಮುನ್ನವೇ ಕಾಗದದ ಮೇಲೆ ಬರೆದಿಡಿ, ಮಾತಿನ ಭರದಲ್ಲಿ ಅದು ಜಾರುತ್ತದೆ. ಈಗಿನ ಕಚೇರಿಯಲ್ಲೇ ಹೆಚ್ಚಳ ಕೇಳುವುದಾದರೆ ಮನೆಯ ಖರ್ಚು, ಸಾಲದ ಕಂತು ಎತ್ತಬೇಡಿ. ಅದು ನಿಜವಾದ ಕಷ್ಟವೇ ಆದರೂ ಮೇಲಧಿಕಾರಿ ಅದನ್ನು ತಮ್ಮ ಮೇಲಿನವರ ಮುಂದೆ ಕಾರಣವಾಗಿ ಇಡಲಾರರು. ಡೈರಿಯ ಮೂರು ಫಲಿತಾಂಶ, ಮಾರುಕಟ್ಟೆಯಲ್ಲಿ ಈ ಕೆಲಸಕ್ಕಿರುವ ದರ, ನೀವು ಕೇಳುವ ಸಂಖ್ಯೆ, ಇಷ್ಟು ಹೇಳಿ ಸುಮ್ಮನಾಗಿ. ಸಂಖ್ಯೆ ಹೇಳಿದ ಮೇಲಿನ ಮೌನ ತಡೆಯಲಾಗದೆ ‘ಸ್ವಲ್ಪ ಕಡಿಮೆಯಾದರೂ ನಡೆದೀತು’ ಎಂದು ತಾವೇ ಇಳಿಸಿಕೊಳ್ಳುವವರು ಬಹಳ.

ಹೊಸ ಕೆಲಸದ ಪತ್ರ ಲಿಖಿತವಾಗಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಬಾಯಿಮಾತಿನ ಭರವಸೆ ಎಷ್ಟೇ ಗಟ್ಟಿಯಾಗಿ ಕೇಳಿಸಿದರೂ ಕಾಯಿರಿ.

ಪ್ರಶ್ನೆ: ಸ್ವತಂತ್ರವಾಗಿ ಗ್ರಾಫಿಕ್ ವಿನ್ಯಾಸದ ಕೆಲಸ ಮಾಡುತ್ತೇನೆ. ಒಂದೆರಡು ತಿಂಗಳು ಉಸಿರಾಡಲೂ ಬಿಡುವಿಲ್ಲ, ಆಮೇಲೆ ಎರಡು ತಿಂಗಳು ಖಾಲಿ. ಇದನ್ನು ಸಮ ಮಾಡುವುದು ಹೇಗೆ?

ಉತ್ತರ: ಈಗ ಖಾಲಿಯಿರುವ ತಿಂಗಳ ಬೀಜ ಬಿದ್ದದ್ದು ಹಿಂದೆ ಬಿಡುವಿಲ್ಲದಿದ್ದ ತಿಂಗಳಲ್ಲಿ. ಮೊದಲ ಪತ್ರಕ್ಕೂ ಮುಂಗಡ ಹಣಕ್ಕೂ ನಡುವೆ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಕೆಲಸ ತುಂಬಿದ್ದಾಗ ಹುಡುಕಾಟ ನಿಲ್ಲಿಸಿದರೆ ಆ ಅಂತರ ಮುಂದೆ ಬಂದು ಎದುರಾಗುತ್ತದೆ. ಎಷ್ಟೇ ಒತ್ತಡವಿದ್ದರೂ ವಾರಕ್ಕೆ ಮೂರು ಗಂಟೆ ಇದಕ್ಕೇ ಎತ್ತಿಡಿ: ಹಳೆಯ ಗ್ರಾಹಕರಲ್ಲಿ ಇಬ್ಬರಿಗೆ ಪತ್ರ, ಹೊಸಬರಲ್ಲಿ ಮೂವರಿಗೆ, ಮುಗಿದ ಒಂದು ಕೆಲಸದ ವಿವರವನ್ನು ಪೋರ್ಟ್‌ಫೋಲಿಯೊಗೆ, ಅಂದರೆ ನಿಮ್ಮ ಮಾದರಿ ಕೆಲಸಗಳ ಸಂಗ್ರಹಕ್ಕೆ ಸೇರಿಸುವುದು. ಹಳೆಯ ಗ್ರಾಹಕರನ್ನು ಮೊದಲು ನೋಡಿ, ಅವರಿಗೆ ನಿಮ್ಮನ್ನು ಹೊಸದಾಗಿ ನಂಬಿಸಬೇಕಿಲ್ಲ.

ಪೋರ್ಟ್‌ಫೋಲಿಯೊದಲ್ಲಿ ಎಂಟರಿಂದ ಹನ್ನೆರಡು ಕೆಲಸ ಸಾಕು. ನೋಡುವವರು ನಿಮ್ಮನ್ನು ಅಳೆಯುವುದು ಅದರಲ್ಲಿರುವ ದುರ್ಬಲ ಕೆಲಸದಿಂದ, ಹಾಗಾಗಿ ಅನುಮಾನ ಬಂದದ್ದನ್ನು ತೆಗೆಯಿರಿ. ಅತ್ಯುತ್ತಮವಾದದ್ದು ಮೊದಲು, ಗುಣದಲ್ಲಿ ಎರಡನೆಯದು ಕೊನೆಗೆ. ಒಂದೊಂದರ ಕೆಳಗೂ ಮೂರು ಸಾಲು: ಗ್ರಾಹಕರಿಗೆ ಏನು ಬೇಕಿತ್ತು, ಯಾವ ಕಟ್ಟುಪಾಡಿತ್ತು, ಇದರಲ್ಲಿ ನಿಮ್ಮ ಪಾಲೆಷ್ಟು. ಬರೀ ಚಿತ್ರ ನೋಡಿದವರಿಗೆ ನಿಮ್ಮ ಕೈ ಕಾಣುತ್ತದೆ, ತಲೆ ಕಾಣುವುದಿಲ್ಲ. ಮುಂದೆ ಯಾವ ಬಗೆಯ ಕೆಲಸ ಬೇಕೋ ಅದನ್ನೇ ತೋರಿಸಿ. ಮದುವೆ ಕರೆಯೋಲೆ ಸಾಕಾಗಿದ್ದರೆ ಅದು ಎಷ್ಟೇ ಚೆನ್ನಾಗಿದ್ದರೂ ಇಡಬೇಡಿ, ಇಟ್ಟರೆ ಅದೇ ಮತ್ತೆ ಬರುತ್ತದೆ. ಕೆಲಸವನ್ನು ಪ್ರದರ್ಶಿಸುವ ಹಕ್ಕು ನಿಮಗಿದೆಯೆಂಬ ಒಂದು ಸಾಲನ್ನು ಒಪ್ಪಂದ ಬರೆಯುವಾಗಲೇ ಸೇರಿಸಿ. ಕೆಲಸ ಮುಗಿದ ಮೇಲೆ ಕೇಳಿದರೆ ಕೆಲವರು ಒಪ್ಪುವುದಿಲ್ಲ.

ಗ್ರಾಹಕರಿಂದ ಎರಡು ಮಾತಿನ ಅಭಿಪ್ರಾಯ ಕೇಳುವುದು ಕೆಲಸ ಒಪ್ಪಿಸಿದ ವಾರದಲ್ಲೇ ಆಗಬೇಕು, ಖುಷಿ ಆರುವ ಮೊದಲು. ‘ನಮ್ಮ ಬಗ್ಗೆ ಏನಾದರೂ ಬರೆದುಕೊಡಿ’ ಎಂದರೆ ‘ಒಳ್ಳೆಯ ಕೆಲಸ, ಶುಭವಾಗಲಿ’ ಎಂದು ಬರುತ್ತದೆ, ಅದು ಯಾರ ಬಗ್ಗೆಯೂ ಹೇಳಬಹುದಾದ ಮಾತು. ಪ್ರಶ್ನೆ ಕೊಟ್ಟೇ ಕೇಳಿ: ನಮ್ಮ ಬಳಿ ಬರುವ ಮುನ್ನ ತೊಂದರೆ ಏನಿತ್ತು? ಈಗ ಏನು ಬದಲಾಗಿದೆ? ನಮಗೆ ಕೆಲಸ ಕೊಡುವ ಮುನ್ನ ಯಾವ ಅನುಮಾನವಿತ್ತು? ಮೂರನೆಯ ಪ್ರಶ್ನೆಗೆ ಬರುವ ಉತ್ತರವನ್ನು ಪೋರ್ಟ್‌ಫೋಲಿಯೊದ ಮೊದಲ ಪುಟದಲ್ಲೇ ಹಾಕಿ. ಹೊಸ ಗ್ರಾಹಕರ ಮನಸ್ಸಿನಲ್ಲೂ ಅದೇ ಅನುಮಾನ ಇರುತ್ತದೆ.